ಪಕ್ಕದ ಮನೆಯ ತಬೇಲಾ

ಚಿತ್ತಾಪುರದ ಅಗಸಿ ಬಾಗಿಲು ದಾಟಿ ಸ್ಟೇಷನ್ ಕಡೆ ಹೊರಟರೆ ಎಡಕ್ಕೆ ಸಿಗುವ ಓಣಿಗೆ ಆಗಿನ ಕಾಲಕ್ಕೆ ಸವಾರರ ಓಣಿ ಎನ್ನುತ್ತಿದ್ದರು. ನಿಜಾಮ ಸರಕಾರದ ಚಾಕರಿಯಲ್ಲಿ ಕುದುರೆ ಏರಿ ಹಳ್ಳಿಹಳ್ಳಿ ತಿರುಗುವ ಗಿರದಾವರರು, ಪಿಂಚಣಿ ಪಡೆದ ಜಮಾದಾರರು ಅಲ್ಲಿ ಮನೆ ಕಟ್ಟಿಸಿಕೊಂಡಿದ್ದರು. ಊರೊಳಗೆ ಒಬ್ಬರು ಕೆಮ್ಮಿದರೆ ಮೂರು ಮನೆಯವರಿಗೆ ನಿದ್ದೆಗೇಡು. ಇಲ್ಲಿ ಹಾಗಲ್ಲ, ಮನೆಮನೆಗೂ ದೊಡ್ಡ ಅಂಗಳ, ಅಂಗಳದ ಬದಿಗೆ ಕುದುರೆ ಕಟ್ಟಲು ತಬೇಲಾ. ಆ ಓಣಿಯಲ್ಲಿ ಮನುಷ್ಯನ ತೂಕ ನೋಡುತ್ತಿದ್ದದ್ದು ಅವನ ತಬೇಲಾದಲ್ಲಿ ಏನು ಕಟ್ಟಿದೆ ಎಂಬುದರಿಂದ.

ತೊಗರಿ ಅಡತಿಯ ಅಮೃತಪ್ಪ ಅಲ್ಲಿ ಮನೆ ಕೊಂಡಾಗ ಅವನ ಬಳಗವೆಲ್ಲ ಬಾಯಿ ಮೇಲೆ ಬೆರಳಿಟ್ಟಿತು. ತಬೇಲಾ ಬರಿದಿರಬಾರದೆಂದು ಒಂದು ತಟ್ಟು ತಂದು ಕಟ್ಟಿದ. ತಟ್ಟು ಅಂದರೆ ಕುದುರೆಯ ಜಾತಿಯೇ, ಆದರೆ ಗಿಡ್ಡ. ಅದರ ಮೇಲೆ ಕೂತಾಗ ಅಮೃತಪ್ಪನ ಪಾದಗಳು ನೆಲದಿಂದ ಗೇಣುದ್ದವಷ್ಟೇ ಮೇಲಿರುತ್ತಿದ್ದವು. ಇರಲಿ ಬಿಡಿ, ಬಳಗದಲ್ಲಿ ಬೇರೆ ಯಾರಿಗಿತ್ತು ತಬೇಲಾ? ಬೀಗರು ಬಂದರೆ ಚಹಾಕ್ಕಿಂತ ಮೊದಲು, "ಬರ್ರಿ, ತಬೇಲಾ ನೋಡಕೊಂಡ ಬರೂಣು," ಎಂದು ಎಬ್ಬಿಸಿಕೊಂಡು ಹೋಗುತ್ತಿದ್ದ.

ಹಾಗೆ ಎಬ್ಬಿಸಿಕೊಂಡು ಹೋದವರಲ್ಲಿ ಅವನ ಸಡ್ಡಕ ನಾಗೇಂದ್ರಪ್ಪನೂ ಒಬ್ಬ. ಅಮೃತಪ್ಪನ ಹೆಂಡತಿ ರತ್ನಾಬಾಯಿಯ ತಂಗಿ ವಿಮಲಾಬಾಯಿಯ ಗಂಡ. ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಪರಸಿ ಕಲ್ಲಿನ ಗಣಿ ಇಟ್ಟುಕೊಂಡವನು. ತಟ್ಟನ್ನು ನೋಡಿ ಅವನು ಚಂದ ಅದ ಅಂದ. ಅಂದವನು ಅಲ್ಲೇ ಗೋಡೆಯಾಚೆ ಕತ್ತು ಚಾಚಿದ.

"ಅಣ್ಣಾರ, ಈ ಕಮಾನಿನ ಮನಿ ಯಾರದು?"

"ಕುದುರಿ ಪಡಿ ರಿಸಾಲದಾರರದು. ಅವರು ತೀರಕೊಂಡ್ರು. ಅಖ್ತರ ಬೇಗಂ ಒಬ್ಬಾಕೀನೇ ಅದಾಳ. ಮಗನ ಕಡಿ ಹೈದರಾಬಾದಿಗಿ ಹೋಗ್ತಾಳಂತ."

"ಮಾರ್ತಾರೇನು?"

ಅಮೃತಪ್ಪನೂ ಗೋಡೆಯಾಚೆ ನೋಡಿದ. ಬೇಗಂ ಹೋದ ವರ್ಷವೇ ಅವನನ್ನು ಕೇಳಿದ್ದಳು, "ಸಾಹುಕಾರ್ರ, ನೀವೇ ತಗೋರಿ," ಅಂತ. "ಒಂದ ತಟ್ಟಿಗಿ ಎರಡ ತಬೇಲಾ ಯಾಕ ಬೇಗಂಸಾಬ್," ಎಂದು ನಕ್ಕು ಕಳಿಸಿದ್ದ. ಆಗ ಆ ಮನೆ ಅವನ ಕಣ್ಣಿಗೆ ಮನೆಯಾಗಿಯೇ ಕಂಡಿರಲಿಲ್ಲ. ಈಗ ಕಂಡಿತು. ಆನೆ ಹೋಗುವಂಥ ಕಮಾನು, ನಾಲ್ಕು ಕುದುರೆ ನಿಲ್ಲುವ ತಬೇಲಾ, ಕಲ್ಲಿನ ನೀರತೊಟ್ಟಿ, ಬೇವಿನ ನೆರಳು. ಇಷ್ಟೆಲ್ಲ ಇಷ್ಟು ದಿನ ಎಲ್ಲಿ ಅಡಗಿತ್ತು ಎಂದು ಅವನಿಗೇ ತಿಳಿಯಲಿಲ್ಲ.

ಹದಿನೈದು ದಿನದೊಳಗೆ ಮಾತು ಮುಗಿಯಿತು. ನಾಗೇಂದ್ರಪ್ಪ ಮನೆ ಹಿಡಿದ. ರಜಿಸ್ಟ್ರಿ ಆಗುವುದಷ್ಟೇ ಬಾಕಿ. ರತ್ನಾಬಾಯಿ ಹಿಗ್ಗಿ ಹೀರೇಕಾಯಿಯಾದಳು. ತಂಗಿ ಗೋಡೆಯಾಚೆ ಬಂದಿರುತ್ತಾಳೆಂದರೆ ತವರುಮನೆಯೇ ಎದ್ದು ಬಂದ ಹಾಗೆ. ಅಮೃತಪ್ಪನಿಗೆ ಮಾತ್ರ ರೊಟ್ಟಿ ಇಳಿಯಲಿಲ್ಲ. ಇನ್ನು ಮುಂದೆ ಬಂದ ಬೀಗರೆಲ್ಲ ಮೊದಲು ಯಾರ ತಬೇಲಾ ನೋಡಲು ಹೋಗುತ್ತಾರೆ?

ಸೀದಾ ವಕೀಲ ಬಂದೇಅಲಿಯವರ ಹತ್ತಿರ ಹೋದ. ವಕೀಲರು ಎಲೆ ಮಡಿಸುತ್ತ ಕೇಳಿಸಿಕೊಂಡರು.

"ಶುಫಾ ಅಂತ ಒಂದು ಹಕ್ಕದ ಸಾಹುಕಾರ್ರ. ಮಗ್ಗಲ ಮನಿ ಮಾರಿದ್ರ ಖರೀದಿಗಿ ಮೊದಲ ಹಕ್ಕು ಮಗ್ಗಲಿನವಂದು. ನಿಮ್ಮ ಓಣ್ಯಾಗ ಹಿಂದೂ ಮುಸಲ್ಮಾನ ಎಲ್ಲಾರಿಗೂ ಇದು ನಡದು ಬಂದದ. ಅವ ಕೊಟ್ಟಷ್ಟೇ ಕೊಟ್ಟು ನೀವು ಮನಿ ತಗೋಬಹುದು."

"ಹಂಗಾದ್ರ ಇವತ್ತೇ ಹಕ್ಕ ಹೇಳಿಬಿಡ್ಲೇನ್ರಿ?"

"ಕೂಸು ಹುಟ್ಟೂಕಿಂತ ಮೊದಲ ಕುಲಾಯಿ ಹೊಲಸಬ್ಯಾಡ್ರಿ. ಖರೀದಿ ಮುಗೀಬೇಕು. ಮುಗದದ ಅಂತ ನಿಮ್ಮ ಕಿವಿಗಿ ಬಿದ್ದ ಗಳಿಗಿಗೇ ಎದ್ದು ನಿಂತು, 'ಆ ಮನಿ ಮ್ಯಾಲ ನನ್ನ ಹಕ್ಕದ, ನಾ ತಗೋತೀನಿ' ಅಂತ ಬಾಯಿ ಬಿಟ್ಟು ಹೇಳಬೇಕು. ಉಣ್ಣಾಕತ್ತಿದ್ರ ತುತ್ತು ತಾಟಿನ್ಯಾಗ ಬಿಡ್ರಿ. ನೀರು ಕುಡದು ಹೇಳ್ತೀನಿ ಅಂದ್ರ ಹಕ್ಕು ಖತಂ."

"ನೀರು ಕುಡದ್ರೂ?"

"ನೀರು ಕುಡಿಯೂ ತಡಿ ಇದ್ದಾವಗ ಮನಿ ಬೇಕಾಗಿಲ್ಲ ಅಂತ ಕಾನೂನು ತಿಳಕೋತದ."

ಅಂದಿನಿಂದ ಅಮೃತಪ್ಪ ಬಿಗಿದ ಬಿಲ್ಲಿನಂತಾದ. ಅಂಗಡಿಯಲ್ಲಿ ಯಾರಾದರೂ "ಸಾಹುಕಾರ್ರ, ಒಂದು ಸುದ್ದಿ" ಎಂದರೆ ಸಾಕು, ಅರ್ಧ ಎದ್ದೇಬಿಡುತ್ತಿದ್ದ. ಅದು ಕಾಳಗಿಯಲ್ಲಿ ಎಮ್ಮೆ ಈದ ಸುದ್ದಿಯಾಗಿದ್ದರೆ ಮತ್ತೆ ಕೂರುತ್ತಿದ್ದ. ಮನೆಯಲ್ಲಿ ಹೆಂಡತಿಗೂ ತಾಕೀತು ಮಾಡಿದ.

"ಖರೀದಿ ಆಯ್ತಂತ ಸುದ್ದಿ ಬಂದ ಗಳಿಗಿಗೇ ನನಗ ಹೇಳಬೇಕು. ನಾ ಎಲ್ಲೇ ಇರಲಿ, ಏನೇ ಮಾಡಾಕತ್ತಿರಲಿ." ಯಾಕೆಂಬುದನ್ನೂ ಬಿಡಿಸಿ ಹೇಳಿದ.

ರತ್ನಾಬಾಯಿ ಜೋಳ ಹಸನು ಮಾಡುತ್ತಿದ್ದವಳು ಮೊರ ಕೆಳಗಿಟ್ಟಳು. "ನಿಮಗ ಆ ಮನಿ ಬೇಕಾಗಿತ್ತೇನ್ರಿ?"

"ಬೇಕಂತ ಅಲ್ಲ."

"ಮತ್ತ?"

"ಅವನಿಗ್ಯಾಕ ಬೇಕು?"

ರತ್ನಾಬಾಯಿ ಮೊರ ಎತ್ತಿಕೊಂಡಳು.

ಇನ್ನು ಅಮೃತಪ್ಪನ ಲಿಂಗಪೂಜೆಯ ಸಂಗತಿ ಹೇಳಬೇಕು. ಮುಂಜಾನೆ ಸ್ನಾನ ಮಾಡಿ, ವಿಭೂತಿ ಧರಿಸಿ, ಎಡ ಅಂಗೈ ಮೇಲೆ ಇಷ್ಟಲಿಂಗ ಇಟ್ಟುಕೊಂಡು ಕೂತನೆಂದರೆ ಪೂಜೆ ಮುಗಿಯುವತನಕ ಅವನ ಬಾಯಿಂದ ಒಂದು ಪದ ಹೊರಡುತ್ತಿರಲಿಲ್ಲ. ಒಮ್ಮೆ ಅಡತಿಯ ತೊಗರಿ ಚೀಲಕ್ಕೆ ಬೆಂಕಿ ಬಿತ್ತೆಂದು ಆಳುಗಳು ಓಡಿ ಬಂದಾಗಲೂ ಅವನು ದೃಷ್ಟಿ ಎತ್ತಿರಲಿಲ್ಲ. ಮಠದ ಮಡಿವಾಳಯ್ಯನವರು ಎಲ್ಲಿ ಕೂತರೂ ಈ ಕಥೆ ಹೇಳುತ್ತಿದ್ದರು. ಹೇಳುವಾಗಲೆಲ್ಲ ಅಮೃತಪ್ಪ ತಲೆ ತಗ್ಗಿಸಿ, ಕಿವಿ ಮಾತ್ರ ಅಗಲ ಮಾಡಿ ಕೇಳುತ್ತಿದ್ದ.

ಒಂದು ಸೋಮವಾರ. ಪತ್ರಿ ಏರಿಸಿ ಲಿಂಗದ ಮೇಲೆ ನೋಟ ನಿಲ್ಲಿಸಿದ್ದ. ರತ್ನಾಬಾಯಿ ಬಂದು ದೇವರಕೋಣೆಯ ಬಾಗಿಲಲ್ಲಿ ನಿಂತಳು.

"ರೀ, ನಾಗೇಂದ್ರಪ್ಪನ ಖರೀದಿ ಮುಗೀತಂತ. ರಜಿಸ್ಟ್ರಿ ಆಗ್ಯದ. ಆಳು ಬಂದು ಈಗ ಹೇಳಿ ಹೋದ."

ಅಮೃತಪ್ಪನ ನೋಟ ಲಿಂಗದಿಂದ ಹೆಂಡತಿಗೆ, ಹೆಂಡತಿಯಿಂದ ಲಿಂಗಕ್ಕೆ ಓಡಾಡಿತು. ನಾಲಿಗೆ ಹಲ್ಲಿನ ಹಿಂದೆ ಬಂದು ನಿಂತಿತು. ಎದ್ದು ಒದರಬೇಕು. ಅಂಗೈಯಲ್ಲಿ ಲಿಂಗವಿದೆ. ಕುತ್ತಿಗೆಯ ನರ ಉಬ್ಬಿದವು, ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿಗೆ ಇಳಿಯಿತು. ರತ್ನಾಬಾಯಿ ಹೊಸ್ತಿಲ ಪಕ್ಕ ಕೂತು, ಇಷ್ಟು ಹೊತ್ತೂ ಅದೇ ಕೆಲಸದಲ್ಲಿದ್ದವಳಂತೆ ಬತ್ತಿ ಹೊಸೆಯತೊಡಗಿದಳು.

ಅಂದಿನ ಪೂಜೆಯಲ್ಲಿ ಅವನು ಕಂಡದ್ದೇನೆಂದು ಶಿವನೇ ಬಲ್ಲ. ಕಮಾನು ಕಂಡಿರಬೇಕು, ಕಮಾನಿನೊಳಗೆ ಸಡ್ಡಕ ಕಂಡಿರಬೇಕು. ಲಿಂಗ ಕರಡಿಗೆಗೆ ಸೇರಿದ್ದೇ ತಡ, ಎದ್ದು ನಿಂತು ಮನೆ ನಡುಗುವಂತೆ ಒದರಿದ. "ಆ ಮನಿ ಮ್ಯಾಲ ನನ್ನ ಹಕ್ಕದ, ನಾ ತಗೋತೀನಿ."

"ಈಗ ಅಂದ್ರಿ," ಎಂದಳು ರತ್ನಾಬಾಯಿ.

ವಕೀಲರು ಎಲ್ಲ ಕೇಳಿ ಎಲೆಯ ಡಬ್ಬಿ ಮುಚ್ಚಿದರು. "ಪೂಜಾ ಮುಗಿಸಿ ಹೇಳಿದ್ರ ಹಕ್ಕು ಹೋತು. ಸುದ್ದಿ ಹೇಳಿದಾಕಿ ನಿಮ್ಮ ಮನಿಯಾಕಿ. ಕೇಳಿದ ಗಳಿಗಿಗೇ ಎದ್ದು ಹೇಳಿದ್ರು ಅಂತ ಆಕೀನೇ ಕಚೇರ್ಯಾಗ ಹೇಳಿದ್ರ ಮಾತ್ರ ಒಂದು ದಾರಿ ಅದ. ಆದ್ರ ಆ ಕಡಿ ವಕೀಲ ಕೇಳ್ತಾನ, ಆವಾಗ ಸಾಹುಕಾರ್ರು ಏನು ಮಾಡಾಕತ್ತಿದ್ರು ಅಂತ."

ಮನೆಗೆ ಬಂದು ಹೆಂಡತಿಯ ಮುಂದೆ ಕೂತ. ಕಚೇರಿಯಲ್ಲಿ ಅವಳು ಹೇಳಬೇಕಾದದ್ದನ್ನು ಹೇಳಿಕೊಟ್ಟ.

"ಆಗ್ಲಿ, ಹೇಳ್ತೀನಿ," ಎಂದಳು ಅವಳು. "ಅಂಗೈಯಾಗ ಲಿಂಗ ಇತ್ತು, ಸಡ್ಡಕ ಮನಿ ತಗೊಂಡ ಅಂತ ಕೇಳಿ ಪೂಜಾ ಬಿಟ್ಟೆದ್ದು ಒದರಿದ್ರು ಅಂತ ಹೇಳ್ತೀನಿ. ಕಚೇರ್ಯಾಗ ಹೇಳಿದ್ದನ್ನ ಮಡಿವಾಳಯ್ಯನೋರ ಮುಂದನೂ ಹೇಳಬೇಕಾಗ್ತದ. ಅವರು ಕೇಳದ ಬಿಡೂದಿಲ್ಲ."

ಅಮೃತಪ್ಪ ನೆಲದ ಪರಸಿಯ ಕಡೆ ನೋಡಿದ. ಅದೂ ನಾಗೇಂದ್ರಪ್ಪನ ಗಣಿಯದೇ.

"ನೀ ಬೇಕಂತನ ಆ ಹೊತ್ತಿಗಿ ಬಂದಿ."

"ಏನೇ ಮಾಡಾಕತ್ತಿರಲಿ, ಬಂದ ಗಳಿಗಿಗೇ ಹೇಳು ಅಂದವರು ಯಾರು?" ಸ್ವಲ್ಪ ತಡೆದು ಅವಳೇ ಅಂದಳು, "ನನಗ ನನ ತಂಗಿ ಬೇಕಾಗಿದ್ಳು. ನಿಮಗ ಮನಿ ಬೇಕಾಗಿದ್ದಿಲ್ಲ."

ದಾವೆ ಹೂಡಲಿಲ್ಲ. ಆದರೆ ವಕೀಲರ ಮನೆಯ ಜಗುಲಿಯಿಂದ ಮಾತು ಊರಿಗೆ ಬಂತು. ಊರಿಂದ ಮಠಕ್ಕೆ ಹೋಯಿತು. ತೊಗರಿ ಚೀಲದ ಬೆಂಕಿಯ ಕಥೆ ಬಿಟ್ಟು ಮಡಿವಾಳಯ್ಯನವರು ಇದನ್ನು ಹಿಡಿದರು. ಕೈಗೆ ಬಂದ ಮನೆಯನ್ನು ಮೌನಕ್ಕಾಗಿ ಬಿಟ್ಟ ಭಕ್ತ. ದಾರಿಯಲ್ಲಿ ಕಂಡವರು ಶರಣು ಅನ್ನತೊಡಗಿದರು. ಪ್ರತಿ ಶರಣಿಗೂ ಅಮೃತಪ್ಪನ ಹೊಟ್ಟೆಯಲ್ಲಿ ಒಂದು ಕೆಂಡ ಬೀಳುತ್ತಿತ್ತು.

ಗೃಹಪ್ರವೇಶದ ದಿನ ನಾಗೇಂದ್ರಪ್ಪ ಜನರೆದುರಿಗೇ ಅವನ ಪಾದಕ್ಕೆ ಎರಗಿದ. ಸಡ್ಡಕನಿಗೆ ಕಪಟವಿರಲಿಲ್ಲ. ಅಮೃತಪ್ಪನಿಗೆ ಅದೇ ತಡೆಯಲಾಗದ ಸಂಗತಿ.

"ಅಣ್ಣಾರ, ಹಕ್ಕು ನಿಮ್ದಿತ್ತಂತ. ನನಗ ಗೊತ್ತಿದ್ದಿಲ್ಲ. ನಿಮ್ಮ ಕೈಯಿಂದನೇ ಕುದುರಿ ಒಳಗ ಬರಬೇಕು."

ಕಾಠಿಯಾವಾಡದ ಕುದುರೆ. ಲಗಾಮು ಹಿಡಿದ ಅಮೃತಪ್ಪನ ತಲೆಯ ರುಮಾಲು ಅದರ ಭುಜಕ್ಕೆ ಬರುತ್ತಿತ್ತು. ವಿಮಲಾಬಾಯಿ ಗೊರಸಿಗೆ ನೀರು ಹಾಕಿ ಆರತಿ ಬೆಳಗಿದಳು. ಓಣಿಯ ಜಮಾದಾರರೆಲ್ಲ ಸಾಲಾಗಿ ನಿಂತು ಕುದುರೆಯ ಕಿವಿ, ಎದೆ, ಬಾಲ ಹೊಗಳಿದರು. ಅಮೃತಪ್ಪ ತನ್ನ ಕೈಯಾರೆ ಅದನ್ನು ಕಮಾನಿನೊಳಗೆ ನಡೆಸಿಕೊಂಡು ಹೋಗಿ ಕಟ್ಟಿದ. ಇನ್ನೂ ಮೂರು ಗೂಟ ಖಾಲಿ ಇದ್ದವು.

"ಜಾಗಾ ಭಾಳ ಅದ," ಎಂದ ನಾಗೇಂದ್ರಪ್ಪ. "ನಿಮ್ಮ ತಟ್ಟನೂ ಇಲ್ಲೇ ಕಟ್ರಿ ಅಣ್ಣಾರ. ಇದಕ್ಕೂ ಜೋಡಿ ಆಗ್ತದ. ಮೇವು ನೀರು ನಾ ನೋಡಕೋತೀನಿ."

ಎಲ್ಲರೂ ಅಮೃತಪ್ಪನ ಕಡೆ ತಿರುಗಿದರು. ಮಡಿವಾಳಯ್ಯನವರು ಆಗಲೇ ಕಣ್ಣು ಅರೆಮುಚ್ಚಿದ್ದರು, ಭಕ್ತನ ಬಾಯಿಂದ ಬರುವ ಮಾತಿಗೆ ಕಾಯುತ್ತ. ನನ್ನ ತಬೇಲಾ ನನಗಿದೆ ಎನ್ನಲು ಅವನ ತುಟಿ ತೆರೆದದ್ದು ರತ್ನಾಬಾಯಿಗೆ ಕಂಡಿತು.

"ಆಗ್ಲಿ ತಮ್ಮಾ," ಎಂದ.

ಸಂಜೆಗೆ ತನ್ನ ತಬೇಲಾಕ್ಕೆ ಹೋಗಿ ತಟ್ಟಿನ ಹಗ್ಗ ಬಿಚ್ಚಿದ. ಅಡತಿಗೆ ಕರೆದೊಯ್ಯುವಾಗ ಮೂಲೆಮೂಲೆಗೂ ನಿಂತು ಬೈಸಿಕೊಳ್ಳುತ್ತಿದ್ದ ಪ್ರಾಣಿ ಅದು. ಅಂದು ಬೈಯುವ ಪ್ರಸಂಗವೇ ಬರಲಿಲ್ಲ. ಅಂಗಳ ದಾಟಿ, ಬೀದಿಗೆ ಇಳಿದು, ಅಮೃತಪ್ಪನನ್ನೇ ಎಳೆದುಕೊಂಡು ಪಕ್ಕದ ಕಮಾನಿನೊಳಗೆ ನುಗ್ಗಿತು.