ನಲ್ಲಿಯ ಹತ್ತಿರ ಆಡಿದ ಮಾತು

ರಾಜಾಜಿನಗರ ಆಗಿನ್ನೂ ಹೊಸದು. ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಹೊಸಹಳ್ಳಿಯ ರಾಮಯ್ಯ ಅಲ್ಲೊಂದು ಮನೆ ಕಟ್ಟಿಸಿ, ಹಿಂದಿನ ಪೋರ್ಷನ್ನನ್ನು ಬಸವರಾಜೇಶ್ವರಿಗೆ ಬಾಡಿಗೆಗೆ ಕೊಟ್ಟಿದ್ದ. ಅವಳು ಸಿಟಿಯ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಇಂಗ್ಲೆಂಡಿನ ಚರಿತ್ರೆ ಹೇಳಿಕೊಡುತ್ತಿದ್ದಳು. ಮದುವೆಯಾಗದ, ಒಂಟಿ ಹೆಂಗಸಿಗೆ ಯಾರೂ ಮನೆ ಕೊಡದ ಕಾಲದಲ್ಲಿ, "ಮೇಡಮ್ಮು ಇರ್ಲಿ ಬಿಡಿ, ಪಾಪ" ಎಂದು ಗಂಡನನ್ನು ಒಪ್ಪಿಸಿದವಳು ರಾಮಯ್ಯನ ಹೆಂಡತಿ ಲಕ್ಷ್ಮಿದೇವಮ್ಮ. ಹಬ್ಬ ಬಂದರೆ ಒಬ್ಬಟ್ಟು ತಪ್ಪದೆ ಹಿಂದಿನ ಬಾಗಿಲಿಗೆ ಬರುತ್ತಿತ್ತು.

ಆ ವರ್ಷ ಲಕ್ಷ್ಮಿದೇವಮ್ಮನ ಮಗಳ ಚೊಚ್ಚಲ ಹೆರಿಗೆ. ಹೊಸಹಳ್ಳಿಯ ಸೂಲಗಿತ್ತಿ ಅಂಜಮ್ಮ ಬಂದು ಮಾಡಿಸಿದಳು. ಕೂಸು ಉಳಿಯಲಿಲ್ಲ. ಸೂತಕ ಕಳೆದ ಮೇಲೆ ಒಂದು ಬೆಳಿಗ್ಗೆ ಬೀದಿ ನಲ್ಲಿಯ ಹತ್ತಿರ ಹೆಂಗಸರೆಲ್ಲ ಕೊಡ ಇಟ್ಟುಕೊಂಡು ನಿಂತಿದ್ದಾಗ ಅಂಜಮ್ಮ ಆ ಕಡೆ ಹಾದು ಹೋದಳು. ಲಕ್ಷ್ಮಿದೇವಮ್ಮನಿಗೆ ತಡೆಯಲಾಗಲಿಲ್ಲ.

"ನಮ್ಮ ಕೂಸು ತಿಂದೋಳು! ಇನ್ನೆಷ್ಟು ಮನೆ ತಿಂತೀಯೇ?"

ಸಾಲಿನಲ್ಲಿದ್ದ ಬಸವರಾಜೇಶ್ವರಿ ತಲೆ ತಗ್ಗಿಸಿಕೊಂಡು ತನ್ನ ಕೊಡ ತುಂಬಿಸಿಕೊಂಡಳು. ಅಂಜಮ್ಮ ಹೊರಟುಹೋದಳು. ಆದರೆ ಮಾತು ಅಲ್ಲೇ ನಿಲ್ಲಲಿಲ್ಲ. ತುಂಬಿದ ಬಸುರಿಯಿದ್ದ ಮನೆಯವರೆಲ್ಲ ಬೇರೆ ಸೂಲಗಿತ್ತಿಯನ್ನು ಹುಡುಕತೊಡಗಿದರು. ಅಂಜಮ್ಮನ ಬಾಗಿಲು ತಟ್ಟುವವರು ಇಲ್ಲವಾದರು.

ಒಂದು ಸಂಜೆ ಅವಳು ಬಸವರಾಜೇಶ್ವರಿಯ ಹತ್ತಿರ ಬಂದಳು. "ಮಾನನಷ್ಟದ ಕೇಸು ಹಾಕ್ಸಿದೀನಿ ಕಣವ್ವ. ನೀವು ಕಿವಿಯಾರೆ ಕೇಳಿದೀರ. ಬಂದು ಹೇಳ್ತೀರಾ?"

"ಒಂದು ಮಾತಿಗೆ ಕೋರ್ಟೇ ಅಂಜಮ್ಮ? ಮಗು ಹೋದ ಸಂಕಟದಲ್ಲಿ ಅಂದಿದಾರೆ."

"ಸಂಕಟ ನಂಗೂ ಆಗೈತೆ. ಆ ಕೂಸ್ನ ಮೊದ್ಲು ಎತ್ಕಂಡಿದ್ದು ನಾನೇ. ಅವ್ರ ಸಂಕಟ ಇವತ್ತಲ್ಲ ನಾಳೆ ಇಳೀತದೆ. ನನ್ ಮೇಲೆ ಬಿದ್ದ ಮಾತು ಇಳಿಯಾಕಿಲ್ಲ."

ಬಸವರಾಜೇಶ್ವರಿ ಆಗಲಿ ಅನ್ನಲಿಲ್ಲ, ಆಗದು ಅಂತಲೂ ಅನ್ನಲಿಲ್ಲ. ಕಾಲೇಜಿನ ಲೈಬ್ರರಿಯಿಂದ ತಂದ ದಪ್ಪನೆಯ ಪುಸ್ತಕವೊಂದು ಅವಳ ಮೇಜಿನ ಮೇಲಿತ್ತು. ಮುನ್ನೂರು ವರ್ಷದ ಹಿಂದೆ ಇಂಗ್ಲೆಂಡಿನಲ್ಲಿ ಚರ್ಚೇ ನಡೆಸುತ್ತಿದ್ದ ಕೋರ್ಟುಗಳಲ್ಲಿ ಸಾಕ್ಷಿಗಳು ಹೇಳಿದ್ದನ್ನೆಲ್ಲ ಅದರಲ್ಲಿ ಅಚ್ಚು ಹಾಕಿದ್ದರು. ಬೀದಿಯಲ್ಲಿ ಒಬ್ಬಳು ಇನ್ನೊಬ್ಬಳನ್ನು ಬೈದದ್ದು, ಅದನ್ನು ಬಾಗಿಲಲ್ಲಿ ಕೂತ ಮೂರನೆಯವಳು ಕೇಳಿದ್ದು, ಪುಟಗಟ್ಟಲೆ ಅದೇ. ಪಾಠಕ್ಕೆಂದು ತಿರುವಿಹಾಕುವಾಗ ಅವಳಿಗೆ ಬೇಸರ ಬಂದಿತ್ತು. ದೊರೆಗೂ ಪಾರ್ಲಿಮೆಂಟಿಗೂ ಜಗಳ ಹತ್ತಿದ ಕಾಲದಲ್ಲಿ ಈ ಹೆಂಗಸರಿಗೆ ಇದೇನು ಹುಚ್ಚು ಅನ್ನಿಸಿತ್ತು. ಆ ರಾತ್ರಿ ಓದಿದಾಗ ಹಾಗನ್ನಿಸಲಿಲ್ಲ. ಹೆಸರು ಕೆಟ್ಟರೆ ಕೆಲಸವಿಲ್ಲ, ಕೈಗಡವಿಲ್ಲ, ನೆರೆಯವರ ಮನೆಯೊಳಗೆ ಕಾಲಿಡುವ ಹಾಗಿಲ್ಲ. ಬಡವರಿಗೆ ಇದ್ದ ಆಸ್ತಿ ಅದೊಂದೇ. ಅದಕ್ಕೇ ಕೋರ್ಟು ಹತ್ತಿದ್ದರು.

ಅವಳು ಸಾಕ್ಷಿ ಹೇಳಲು ಒಪ್ಪಿದ ವಿಷಯ ರಾಮಯ್ಯನ ಕಿವಿಗೆ ಬಿತ್ತು. ಅವನು ಜೋರು ಮಾಡಲಿಲ್ಲ, ಅಂಗಳದಲ್ಲಿ ನಿಂತು ಮೆಲ್ಲಗೆ ಹೇಳಿದ: "ಇದೆಲ್ಲ ನಿಮಗ್ಯಾಕೆ ಮೇಡಮ್ಮು? ಮನೆಗೆ ಹೋಗಿ ನಿಮ್ಮ ಪಾಠ ನೋಡ್ಕೊಳಿ."

ಅವಳಿಗೆ ನಗು ಬಂದುಬಿಟ್ಟಿತು. ದೊರೆ-ಪಾರ್ಲಿಮೆಂಟಿನ ಆ ಜಗಳ ಯುದ್ಧಕ್ಕೆ ತಿರುಗಿದ ಮೇಲೆ ಲಂಡನ್ನಿನ ಹೆಂಗಸರು ಅರ್ಜಿ ಹಿಡಿದು ಪಾರ್ಲಿಮೆಂಟಿನ ಬಾಗಿಲಿಗೆ ಹೋದಾಗ, ಮನೆಗೆ ಹೋಗಿ ಮನೆಗೆಲಸ ನೋಡಿಕೊಳ್ಳಿ ಎಂದು ಉತ್ತರ ಬಂದಿತ್ತು. ಹೋದ ವಾರವಷ್ಟೇ ಅದನ್ನು ಕ್ಲಾಸಿನಲ್ಲಿ ಹೇಳಿದ್ದಳು. ನಕ್ಕದ್ದು ರಾಮಯ್ಯನಿಗೆ ತನ್ನನ್ನು ಹೀಯಾಳಿಸಿದ ಹಾಗೆ ಕಂಡಿತು. ಮಾರನೆಯ ದಿನವೇ ಮನೆ ಖಾಲಿ ಮಾಡಿ ಅಂದ.

ಕೋರ್ಟಿನಲ್ಲಿ ಎದುರು ಕಡೆಯ ವಕೀಲರು ನಲ್ಲಿಯ ಮಾತನ್ನು ಎತ್ತಲೇ ಇಲ್ಲ.

"ತಾವು ಒಬ್ಬರೇ ಇರೋದಾ?"

"ಹೌದು."

"ಮದುವೆ ಆಗಿಲ್ಲ. ಮನೆ ಬಿಡಿ ಅಂತ ಮಾಲೀಕರು ಹೇಳಿದಾರೆ. ಆ ಸಿಟ್ಟಿಗೆ ಸಾಕ್ಷಿ ಹೇಳ್ತಾ ಇದೀರಿ, ಅಲ್ವೇ?"

ಇಂಥ ಪ್ರಶ್ನೆಗಳನ್ನು ಅವಳು ಓದಿದ್ದಳು. ನಿನ್ನ ಜೀವನ ಹೇಗೆ ನಡೆಯುತ್ತದೆ, ಯಾರ ಹಂಗಿನಲ್ಲಿದ್ದೀಯೆ ಎಂದು ಆ ಕಾಲದಲ್ಲೂ ಸಾಕ್ಷಿಗಳನ್ನು ಕೇಳುತ್ತಿದ್ದರು. ಒಂದು ಸಮಾಜ ಯಾರನ್ನು ನಂಬುತ್ತಿತ್ತು ಎಂಬುದು ಆ ಪ್ರಶ್ನೆಗಳಲ್ಲಿದೆ ಎಂದು ಹುಡುಗಿಯರಿಗೆ ಸಲೀಸಾಗಿ ಹೇಳಿದ್ದಳು. ಈಗ ಕಟಕಟೆಯಲ್ಲಿ ನಿಂತು ಉತ್ತರ ಹೇಳಬೇಕಾದವಳು ತಾನೇ.

"ಸಿಟ್ಟಿಲ್ಲ," ಅಂದಳು. "ಲಕ್ಷ್ಮಿದೇವಮ್ಮ ನನ್ನನ್ನ ಚೆನ್ನಾಗಿ ನೋಡ್ಕೊಂಡಿದಾರೆ. ಆದ್ರೂ ಆ ಮಾತು ಅಂದಿದ್ದು ನಿಜ. ಆವತ್ತು ನಾನು ಸುಮ್ಮನಿದ್ದದ್ದೂ ನಿಜ."

ಮುಂದಿನ ವಾಯಿದೆಯಲ್ಲಿ ಲಕ್ಷ್ಮಿದೇವಮ್ಮ ವಕೀಲರನ್ನು ಪಕ್ಕಕ್ಕೆ ಸರಿಸಿ ತಾನೇ ಎದ್ದು ನಿಂತಳು. "ಅಂದೆ ಸ್ವಾಮಿ. ಹೊಟ್ಟೆ ಉರೀತಿತ್ತು, ಅಂದ್ಬಿಟ್ಟೆ. ಅವ್ಳು ತಿಂದಿಲ್ಲ" ಎಂದು ಅತ್ತಳು. ಅಂಜಮ್ಮ ರಾಜಿಗೆ ಒಪ್ಪಿದಳು.

ಬಸವರಾಜೇಶ್ವರಿ ಮಾಗಡಿ ರಸ್ತೆಯ ಕಡೆ ಬೇರೆ ಮನೆ ಹಿಡಿದಳು. ಹೊರಡುವ ದಿನ ಲಕ್ಷ್ಮಿದೇವಮ್ಮ ಹೊರಗೆ ಬರಲಿಲ್ಲ. ಅಂಜಮ್ಮನಿಗೆ ಕರೆಗಳು ಒಂದೊಂದಾಗಿ ಮತ್ತೆ ಬರತೊಡಗಿದವು. ಕೆಲವು ಮನೆಗಳವರು ಮಾತ್ರ ಕೊನೆಗೂ ಕರೆಯಲಿಲ್ಲ.

ಒಂದು ಭಾನುವಾರ ಅಂಜಮ್ಮ ಹೊಸ ಮನೆ ಹುಡುಕಿಕೊಂಡು ಬಂದಳು. ಕೋರ್ಟಿನಲ್ಲಿ ತಾನು ಕೊಟ್ಟ ಹೇಳಿಕೆಯ ನಕಲು ಅವಳಿಗೆ ಸಿಕ್ಕಿತ್ತು. ಅದು ಇಂಗ್ಲಿಷಿನಲ್ಲಿತ್ತು. ಬಸವರಾಜೇಶ್ವರಿ ಕನ್ನಡ ಮಾಡಿ ಓದಿದಳು: "ಸದರಿ ಮಾತುಗಳಿಂದ ತನ್ನ ವೃತ್ತಿಗೂ ಗೌರವಕ್ಕೂ ತೀವ್ರ ಧಕ್ಕೆಯಾಗಿದೆಯೆಂದು ಫಿರ್ಯಾದಿಯು ತಿಳಿಸಿದಳು."

ಅಂಜಮ್ಮ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕಳು. "ಇಷ್ಟು ನೀಟಾಗಿ ಮಾತಾಡಿದ್ದು ಯಾರವ್ವಾ? ನಾನಾ?"

ಬಸವರಾಜೇಶ್ವರಿಯೂ ನಕ್ಕಳು, ಆದರೆ ಮನಸ್ಸು ಆ ದಪ್ಪ ಪುಸ್ತಕಕ್ಕೆ ಹೋಯಿತು. ಅಲ್ಲಿಯ ಹೆಂಗಸರ ಮಾತು ಎಂದು ಇಷ್ಟು ದಿನ ನಂಬಿದ್ದರಲ್ಲಿ ಅವರದೆಷ್ಟು, ಬರೆದುಕೊಂಡ ಗುಮಾಸ್ತರದೆಷ್ಟು? ಯಾರನ್ನು ಕೇಳುವುದು?

ಅವಳು ಕಾಗದವನ್ನು ಮಡಿಸಿಟ್ಟು ಚಾಪೆಯ ಮೇಲೆ ಅಂಜಮ್ಮನ ಎದುರು ಕೂತಳು.

"ನೀವು ಏನಂದ್ರಿ? ಅದನ್ನ ಹಂಗೇ ಹೇಳಿ."

"ಸ್ವಾಮಿ, ನಾನು ಹಿಡ್ದಿರೋ ಕೂಸುಗಳೆಲ್ಲ ಈ ಊರಲ್ಲಿ ಓಡಾಡ್ಕಂಡವೆ, ಬೇಕಾದ್ರೆ ಅವುನ್ನ ಕರ್ದು ಕೇಳಿ ಅಂದೆ," ಎಂದಳು ಅಂಜಮ್ಮ. "ಜಡ್ಜಿ ಸಾಹೇಬ್ರು ನಕ್ರು. ಬರ್ಕಳಾಕೆ ಮಾತ್ರ ಹೇಳ್ನಿಲ್ಲ."