ಸುರೇಬಾನಕ್ಕೆ ಹೋದ ಆಯೇರಿ ಅಂಗಿ

ಊಟ ತನ್ನಿಚ್ಛೆ, ಅಂಗಿ ಊರವರಿಚ್ಛೆ. ಗಾದೆ ಹೀಗಿಲ್ಲ, ‘ನೋಟ ಪರರಿಚ್ಛೆ’ ಎಂದಿದೆ ಎಂದು ತಕರಾರು ತೆಗೆಯುವವರು ಒಮ್ಮೆ ಬೈಲಹೊಂಗಲದ ಬಜಾರಕ್ಕೆ ಬಂದು ನೋಡಬೇಕು. ಇಲ್ಲಿ ಎದುರಿಗೆ ಬಂದವನ ಕಾಲರ್ ಮೇಲೆ ಮೊದಲು ಕಣ್ಣು ಬೀಳುತ್ತದೆ, ಮುಖದ ಸರದಿ ಆಮೇಲೆ. ಮುಂದೆ ಹೇಳುವುದು ಖರೇ ನಡೆದ ಸಂಗತಿ. ಇದರಲ್ಲಿ ಒಂದು ಹೊಲಿಗೆ ಸುಳ್ಳೆಂದು ಕಂಡರೂ ಎಳೆದು ಬಿಚ್ಚಿಬಿಡಬಹುದು.

ವೀರಪ್ಪ ಸಾಹುಕಾರರ ಜವಳಿ ಅಂಗಡಿಯಲ್ಲಿ ಗೌರೀಶ ಒಂಬತ್ತು ವರ್ಷದಿಂದ ಶರ್ಟ್‌ಪೀಸು ಕತ್ತರಿಸುತ್ತಿದ್ದ. ಕಾಲೇಜಿನಲ್ಲಿ ಓದಿದ್ದು ಕಾವ್ಯಮೀಮಾಂಸೆ, ಹೊಟ್ಟೆ ತುಂಬಿಸಿದ್ದು ಬಟ್ಟೆಯಂಗಡಿಯ ಕಾಪಡಮೀಮಾಂಸೆ ಎಂದು ತಾನೇ ಹೇಳಿ ತಾನೇ ನಗುತ್ತಿದ್ದ. ಅವನ ಖರೇ ಬಂಡವಾಳವೆಂದರೆ ಗಂಟಲು. ರಾಮದುರ್ಗ ಬಸ್ಸಿನ ಕಂಡಕ್ಟರು, ಚಹಾದಂಗಡಿಯಲ್ಲಿ ಹಣದ ಗಲ್ಲೆಯ ಮೇಲೆ ಕೂಡುವ ಮುದುಕ, ಕಾಲೇಜಿನ ಪ್ರಿನ್ಸಿಪಾಲರು ಎಲ್ಲರೂ ಆ ಗಂಟಲಲ್ಲಿ ಬಾಡಿಗೆಗೆ ಇದ್ದರು. ಎಲ್ಲರಿಗಿಂತ ಚಲೋ ಇಳಿಯುತ್ತಿದ್ದವರು ಸಾಹುಕಾರರು: ಎರಡು ಸಲ ಕೆಮ್ಮು, ಮೂಗಿನಿಂದ ಒಂದು ‘ಹಾಂ’, ಆಮೇಲೆ ಮಾತು. ಒಮ್ಮೆ ಸಾಹುಕಾರರ ಹೆಂಡತಿಯೇ ಫೋನಿನಲ್ಲಿ ಮೋಸಹೋಗಿ, ಸಂಜೆ ಊಟಕ್ಕೆ ಏನು ಮಾಡಲಿ ಎಂದು ಗೌರೀಶನನ್ನು ಕೇಳಿದ್ದರು. ಅವನು ಹೋಳಿಗೆ ಎಂದಿದ್ದ. ಆ ಸಂಜೆ ಸಾಹುಕಾರರ ಮನೆಯಲ್ಲಿ ಹೋಳಿಗೆಯೇ ಆಗಿತ್ತು.

ಈ ಕಡೆ ಮದುವೆ, ಗೃಹಪ್ರವೇಶ, ಬಸುರಿಗೆ ಮಾಡುವ ಕುಬಸ ಯಾವುದೇ ಇರಲಿ, ಬೀಗರಿಗೆ ಬಟ್ಟೆಯ ಉಡುಗೊರೆ ಕೊಡಬೇಕು. ಅದೇ ಆಯೇರಿ. ಹೆಂಗಸರಿಗೆ ಸೀರೆ, ಗಂಡಸರಿಗೆ ಶರ್ಟ್‌ಪೀಸು. ಹಾಗೆ ಬಂದ ಪೀಸನ್ನು ಮಾತ್ರ ಯಾರೂ ಹೊಲಿಸುವುದಿಲ್ಲ. ಅದು ಟ್ರಂಕಿಗೆ ಹೋಗುತ್ತದೆ, ಮುಂದಿನ ಮದುವೆಯಲ್ಲಿ ಹೊರಬಂದು ಇನ್ನೊಬ್ಬರ ಟ್ರಂಕಿಗೆ ಸೇರುತ್ತದೆ. ಎಚ್ಚರಿಕೆ ಒಂದೇ: ಕೊಟ್ಟವರ ಹೊಸ್ತಿಲಿಗೇ ಅದು ತಿರುಗಿ ಹೋಗಬಾರದು. ಹೋದರೆ ‘ನಿಮ್ಮ ಸಂಬಂಧ ನಮಗೆ ಬೇಡ’ ಎಂದು ಬಾಯಿಬಿಟ್ಟು ಹೇಳಿದಂತೆಯೇ ಲೆಕ್ಕ. ಅದಕ್ಕೆಂದೇ ಮನೆಯ ಹೆಂಗಸರು ಪೀಸಿನ ಒಳಮೈಗೆ, ಒಂದು ಮೂಲೆಯಲ್ಲಿ, ಕೊಟ್ಟವರ ಊರು-ಹೆಸರನ್ನು ಬಾಲ್‌ಪೆನ್ನಿನಿಂದ ಬರೆದಿಡುತ್ತಾರೆ.

ಗೌರೀಶನ ಗೆಳೆಯ ಭೀಮಶಿ ಇಂಥದೊಂದು ಪೀಸನ್ನು ಬಗಲಲ್ಲಿ ಹಿಡಿದು ಅಂಗಡಿ ಹತ್ತಿದ. ಇಬ್ಬರೂ ಕಾಲೇಜಿನಲ್ಲಿ ಒಂದೇ ಬೆಂಚಿನವರು. ಈಗ ಅವನು ಪಕ್ಕದ ಹಳ್ಳಿಯಲ್ಲಿ ಕಬ್ಬು ಬೆಳೆದು, ತನ್ನದೇ ಟ್ರ್ಯಾಕ್ಟರಿನಲ್ಲಿ ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಗೆ ಹೊಡೆಯುತ್ತಿದ್ದ. ಇದ್ದದ್ದು ಎರಡು ಅಂಗಿ, ಎರಡಕ್ಕೂ ಗ್ರೀಸಿನ ವಾಸನೆ. ಬಟ್ಟೆಯ ವಿಷಯದಲ್ಲಿ ಅವನಿಗೆ ಗೌರೀಶನ ಮಾತೇ ವೇದ.

“ಲೇ ಗೌರ್ಯಾ, ಇದನ್ನ ಹೊಲಿಸಿದ್ರ ಹೆಂಗ? ಅವ್ವನ ಟ್ರಂಕಿನ್ಯಾಗ ಇತ್ತು. ಬುಧವಾರ ಕನ್ಯಾ ನೋಡಾಕ ಹೊಂಟೇವಿ.”

ಗಿಳಿಹಸಿರು ಬಟ್ಟೆ, ಅದರ ಮೇಲೆ ಕೆಂಪು ಚೌಕಳಿ. ಗೌರೀಶ ನೋಡಿದ ಕೂಡಲೇ ಗುರುತು ಹಿಡಿದ. ಆರು ವರ್ಷದ ಹಿಂದೆ ತಾನೇ ಕತ್ತರಿಸಿ ಕೊಟ್ಟ ಪೀಸು ಅದು. ಮೂಲೆ ಮಗುಚಿ ಓದಿದ: ‘ಕಿತ್ತೂರು, ವಕೀಲರ ಮನಿ’. ಅದರ ಕೆಳಗೆ ‘ಸುರೇಬಾನ, ಕೆಂಚವ್ವ’. ಅದರ ಕೆಳಗೆ ‘ಸವದತ್ತಿ, ಮಾಸ್ತರ ಮನಿ’. ಅಲ್ಲಿಂದ ಭೀಮಶಿಯ ಮುನವಳ್ಳಿಯ ಚಿಕ್ಕಮ್ಮನ ಕೈಗೆ ಬಂದು, ಆಕೆಯಿಂದ ಅವನ ತಾಯಿ ರಾಚವ್ವನಿಗೆ ಮುಟ್ಟಿತ್ತು. ರಾಚವ್ವನಿಗೆ ಓದು ಬರಹ ಬಾರದು. ಭೀಮಶಿಗೆ ಬರುತ್ತಿತ್ತು, ಆದರೆ ಬಟ್ಟೆಯನ್ನು ಯಾರು ಓದುತ್ತಾರೆ?

“ಯಾವೂರ ಕನ್ಯಾ?”

“ಸುರೇಬಾನ. ಮಹಾನಂದಾ ಅಂತ. ಟೇಲರಿಂಗ್ ಕಲ್ತಾಳಂತ.” ಭೀಮಶಿ ಪೀಸಿನ ಮೇಲೆ ಕೈಯಾಡಿಸಿದ. “ಕಬ್ಬಿನ ಬಣ್ಣ ಐತಿ ನೋಡಲೇ. ನಡುವ ಮೆಣಸಿನಕಾಯಿ ಗೆರಿ. ನನಗ ಭಾಳ ಸೇರೇತಿ. ಆದ್ರ ನನ್ನ ಕಣ್ಣಿನ ಮ್ಯಾಲೆ ನನಗ ಭರವಸಿ ಇಲ್ಲ. ಇದು ಆರನೇ ಮನಿ. ಐದು ಮನಿಯವ್ರು ಚಹಾ ಕುಡಿಸಿ ಕಳಿಸ್ಯಾರ. ಈ ಸಲ ಆಗಲಿಲ್ಲಂದ್ರ ಅವ್ವ ಇನ್ನ ಯಾರ ಹೊಸ್ತಿಲಾನೂ ತುಳಿಯೂದಿಲ್ಲಂತ ಆಣಿ ಹಾಕ್ಯಾಳ.”

ಬೇಡಲೇ, ಇದು ಊರೂರು ತಿರುಗಿದ ಆಯೇರಿ ಪೀಸು, ಇಲ್ಲಿ ಬಾ, ಒಂದು ಬಿಳಿ ಅಂಗಿ ಕೊಡುತ್ತೇನೆ ಎಂದು ಹೇಳಲು ಒಂದು ಉಸಿರು ಸಾಕಿತ್ತು. ಆದರೆ ಗೌರೀಶನ ಗಂಟಲು ತುರಿಸತೊಡಗಿತ್ತು. ಸುರೇಬಾನದಲ್ಲಿ ಎಷ್ಟೋ ಮನೆಗಳಿವೆ, ಅದೇ ಮನೆ ಯಾಕಾದೀತು ಎಂದುಕೊಂಡ. ಅದೇ ಮನೆಯಾದರೆ ಎಂಥ ಕಥೆಯಾದೀತು ಎಂದೂ ಅನಿಸಿತು. ಆ ಎರಡನೆಯದನ್ನು ಅವನು ಮುಂದೆ ಎಷ್ಟೋ ದಿನ ತನಗೆ ತಾನೇ ಒಪ್ಪಿಕೊಳ್ಳಲಿಲ್ಲ.

“ತಡಿ, ಸಾಹುಕಾರ್ರು ಒಳಗ ಅದಾರ. ಅವರನ್ನ ಕೇಳೂಣು.”

ಪೀಸು ಹಿಡಿದು ಗೋದಾಮಿನ ಪರದೆಯ ಹಿಂದೆ ಹೋದ. ಸಾಹುಕಾರರು ಅಂದು ಧಾರವಾಡಕ್ಕೆ ಹೋಗಿದ್ದರು. ಪರದೆಯ ಹಿಂದಿನಿಂದ ಎರಡು ಕೆಮ್ಮು ಕೇಳಿಸಿದವು.

“ಹಾಂ... ಇದನ್ನ ತಂದವರ‍್ಯಾರಲೇ? ಇಂಥಾ ಮಾಲು ಬರೂದ ಬಂದ್ ಆಗೇತಿ. ಹೊಲಿಸು ಅನ್ನು. ಇದನ್ನ ಹಾಕ್ಕೊಂಡು ಹ್ವಾದವಗ ಒಲ್ಲೆ ಅನ್ನೂ ಧೈರ್ಯ ಯಾರಿಗೈತಿ?”

ಹೊರಗೆ ಕುಳಿತಿದ್ದ ಭೀಮಶಿ ಆ ದನಿಗೆ ಎದ್ದು ನಿಂತು, ಪರದೆಗೇ ಕೈಮುಗಿದ. ಸಾಹುಕಾರರು ಸ್ವಂತ ಅಂಗಡಿಯ ಮಾಲನ್ನೂ ಹೊಗಳಿದವರಲ್ಲ ಎಂಬುದು ನಾಲ್ಕು ತಾಲೂಕಿಗೆ ಗೊತ್ತಿತ್ತು.

ಟೇಲರ್ ಶಂಕ್ರೆಪ್ಪ ಜೀವ ಹಾಕಿ ಹೊಲಿದ. ಕಣ್ಣು ಮಂಜಾಗಿದ್ದರೂ ಕೈ ಚುರುಕಿತ್ತು. ಒಳಮೈಯ ಬರಹ ಅವನಿಗೆ ಕಾಣಲಿಲ್ಲ. ಅದು ಅಂಗಿಯ ಹಿಂದಿನ ತುದಿಗೆ, ಮಡಿಕೆಗಿಂತ ಎರಡು ಬೆರಳು ಮೇಲೆ ಬಂದು ಕೂತಿತು.

ಬುಧವಾರ ಮೂವರೂ ಹೊರಟರು: ಭೀಮಶಿ, ರಾಚವ್ವ, ಜೊತೆಗೆ ಗೆಳೆಯನೆಂದು ಗೌರೀಶ. ಬಸ್ಸಿನಲ್ಲಿ ಭೀಮಶಿ ಅಂಗಿ ಮುದುಡೀತೆಂದು ಸೀಟಿಗೆ ಬೆನ್ನು ತಾಗಿಸದೆ ರಾಮದುರ್ಗದವರೆಗೂ ನೆಟ್ಟಗೆ ಕುಳಿತಿದ್ದ. ಅಲ್ಲಿಂದ ಸುರೇಬಾನದ ಬಸ್ಸಿನಲ್ಲಿ ಜಾಗ ಸಿಗದೆ ನಿಂತೇ ಹೋದಾಗ ಅವನಿಗೆ ಖುಷಿಯೇ ಆಯಿತು.

ಹುಡುಗಿಯ ಮನೆಯಲ್ಲಿ ಮಾತು ಹದವಾಗಿ ಬಂತು. ಮಹಾನಂದಾ ಚಹಾ ತಂದಳು, ಭೀಮಶಿಯನ್ನು ನೋಡಿದಳು, ಅಂಗಿಯನ್ನು ಅದಕ್ಕಿಂತ ಹೆಚ್ಚು ಹೊತ್ತು ನೋಡಿದಳು, ಫಕ್ಕನೆ ನಕ್ಕು ಒಳಗೆ ಓಡಿದಳು. ಅಷ್ಟರಲ್ಲಿ ಒಳಗಿನಿಂದ ಹುಡುಗಿಯ ಸೋದರತ್ತೆ ಬಂದು ಗೋಡೆಗೆ ಆತು ಕುಳಿತರು. ಅವರ ಹೆಸರು ಕೆಂಚವ್ವ ಎಂದು ಯಾರೋ ಕರೆದಾಗ ಗೌರೀಶನ ಬಾಯಲ್ಲಿದ್ದ ಅವಲಕ್ಕಿ ಅಲ್ಲೇ ನಿಂತಿತು.

ಎಲ್ಲ ಮುಗಿದು ಏಳುವ ಹೊತ್ತು. ಭೀಮಶಿ ಹಿರಿಯರ ಕಾಲಿಗೆ ಬಗ್ಗಿದ. ಅಂಗಿಯ ತುದಿ ಬೆನ್ನಮೇಲೆ ಮಗುಚಿಕೊಂಡಿತು. ಹಿಂದೆಯೇ ಕುಳಿತಿದ್ದ ಕೆಂಚವ್ವ ಕಣ್ಣು ಕಿರಿದು ಮಾಡಿ, ಆ ತುದಿಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡರು.

“ತಡೀರಿ ತಮ್ಮಾ, ಏಳಬ್ಯಾಡ್ರಿ. ಇದೇನ ಬರದೈತಿ? ಸುರೇಬಾನ... ಕೆಂಚವ್ವ!” ಮುದುಕಿಯ ದನಿ ಏರಿತು. “ಅಯ್ಯ ಶಿವನ! ಸವದತ್ತಿ ಮಾಸ್ತರ ಮನಿ ಶಾಂತಿಗೆ ನಾನ ಕೊಟ್ಟ ಆಯೇರಿ ಇದು! ನಮ್ಮ ಆಯೇರಿ ನಮ್ಮ ಬಾಗಿಲಿಗೇ ತಂದೀರೇನ್ರಿ? ಒಲ್ಲೆಂದ್ರ ಬಾಯಿಲೆ ಹೇಳ್ಬೇಕಿತ್ತು. ಹಿಂಗ್ಯಾಕ ಮಾನಾ ಕಳದ್ರಿ?”

ಬಾಗಿಲಲ್ಲಿ ಕೂಡಿದ್ದ ಓಣಿಯ ಹೆಂಗಸರು ಕಿಸಕ್ಕೆಂದರು. ರಾಚವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಭೀಮಶಿ ಬಗ್ಗಿದವನು ಬಗ್ಗಿದಂತೆಯೇ ಇದ್ದ, ಏಕೆಂದರೆ ಅಂಗಿಯ ತುದಿ ಇನ್ನೂ ಕೆಂಚವ್ವನ ಕೈಯಲ್ಲಿತ್ತು. ಆ ಸ್ಥಿತಿಯಲ್ಲೇ ಕತ್ತು ಹೊರಳಿಸಿ ಗೌರೀಶನ ಕಡೆ ನೋಡಿದ. ಸಿಟ್ಟಿನ ನೋಟ ಅಲ್ಲ ಅದು. ನೀನು ಮಾತಿನವ, ಏನಾದರೂ ಹೇಳು ಎಂಬಂತಿತ್ತು.

‘ತಪ್ಪು ನನ್ನದು, ಅವನಿಗೆ ಗೊತ್ತಿರಲಿಲ್ಲ.’ ಇಷ್ಟೇ ಹೇಳಬೇಕಾಗಿತ್ತು. ಊರ ದನಿಗಳನ್ನೆಲ್ಲ ಸಾಕಿದ ಗಂಟಲಿಗೆ ಅಂದು ತನ್ನದೊಂದು ದನಿ ಸಿಗಲಿಲ್ಲ. ಗೌರೀಶ ಚಪ್ಪಲಿ ಹುಡುಕುವ ನೆವದಲ್ಲಿ ಅಂಗಳಕ್ಕೆ ಇಳಿದ.

ಬರುವಾಗ ಬಸ್ಸಿನಲ್ಲಿ ಭೀಮಶಿ ಸೀಟಿಗೆ ಬೆನ್ನು ಒರಗಿಸಿ ಕುಳಿತಿದ್ದ. ಸವದತ್ತಿ ದಾಟಿದ ಮೇಲೆ ಒಂದೇ ಮಾತು ಆಡಿದ.

“ಸಾಹುಕಾರ್ರು ಹಿಂಗ ಮಾಡಬಾರದಿತ್ತಲೇ. ಅವರಿಗೆ ಬರೂ ಮಾಲು ಹೋಗೂ ಮಾಲು ಎಲ್ಲಾ ಗೊತ್ತಿರತೈತಿ.”

ಗೌರೀಶ ಕಿಟಕಿಯ ಹೊರಗೆ ನೋಡಿದ.

ಅಷ್ಟಕ್ಕೇ ನಿಂತಿದ್ದರೆ ಪಾಪ ಒಂದೇ ಆಗುತ್ತಿತ್ತು. ಎಂಟು ದಿನ ತಡೆದು, ಒಂಬತ್ತನೆಯ ದಿನ ಚಹಾದಂಗಡಿಯಲ್ಲಿ ಅವನಿಗೆ ತಡೆಯಲಾಗಲಿಲ್ಲ. ಕೆಂಚವ್ವನ ದನಿಯಲ್ಲಿ ‘ಏಳಬ್ಯಾಡ್ರಿ ತಮ್ಮಾ’ ಎಂದು ಶುರುಮಾಡಿದವನು, ಗೆಳೆಯ ಬಗ್ಗಿ ನಿಂತದ್ದನ್ನೂ ಬಗ್ಗಿಯೇ ತೋರಿಸಿದ. ಪರದೆಯ ಹಿಂದಿನ ಕೆಮ್ಮನ್ನು ಮಾತ್ರ ಬಿಟ್ಟ. ಜನ ಬೆಂಚು ಬಡಿದು ನಕ್ಕರು. ಶ್ರಾವಣ ಬರುವಷ್ಟರಲ್ಲಿ ಭೀಮಶಿಗೆ ‘ಆಯೇರಿ ಭೀಮಶಿ’ ಎಂದು ಹೆಸರಾಯಿತು. ರಾಚವ್ವ ಆಣೆ ಮುರಿಯಲಿಲ್ಲ. ಏಳನೆಯ ಮನೆ ಬರಲಿಲ್ಲ. ಭೀಮಶಿ ಅಂಗಡಿಯ ಮೆಟ್ಟಿಲು ಹತ್ತುವುದನ್ನೂ ಬಿಟ್ಟ.

“ಆ ಭೀಮಶಿ ನನ್ನ ಕಂಡ್ರ ಮಾರಿ ತಿರುವತಾನಲ್ಲೋ,” ಎಂದು ಸಾಹುಕಾರರು ಎಷ್ಟೋ ಸಲ ಕೇಳಿದರು. “ನಾ ಏನ್ ಮಾಡೇನಿ ಅವಗ?”

“ಏನಿಲ್ಲ ಬಿಡ್ರಿ. ಕಬ್ಬಿನ ಕೆಲಸದಾಗ ಇರತಾನ,” ಎಂದು ಗೌರೀಶ ಬಟ್ಟೆ ಮಡಚುತ್ತಿದ್ದ.

ಎರಡು ವರ್ಷವಾದ ಮೇಲೆ, ಗೌರೀಶನದೇ ಮದುವೆ ಗೊತ್ತಾದ ತಿಂಗಳು, ಅಂಗಡಿಗೆ ಗಂಡ, ಕೂಸು ಸಮೇತ ಒಬ್ಬ ಹೆಂಗಸು ಬಂದಳು. ಗಂಡ ಕೂಸನ್ನು ಎತ್ತಿಕೊಂಡು ಹೊರಗೆ ನಿಂತ. ಸೀರೆ ಬಿಚ್ಚಿ ತೋರಿಸುತ್ತಿದ್ದವನನ್ನು ಆಕೆ ದಿಟ್ಟಿಸಿದಳು.

“ಅಣ್ಣಾರ, ಅವತ್ತ ಸುರೇಬಾನಕ್ಕ ನೀವೂ ಬಂದಿದ್ರಿ, ಹೌದಲ್ಲ?”

ಮಹಾನಂದಾ. ಗೌರೀಶ ಸೀರೆಯ ಅಂಚು ನೋಡುತ್ತ ಹೂಂ ಎಂದ.

“ಅವರ ಮದುವಿ ಆತೇನ್ರಿ?”

“ಇಲ್ರಿ.”

ಆಕೆ ಮುಂದಿದ್ದ ಸೀರೆಯನ್ನು ಮಡಚಿ ಪಕ್ಕಕ್ಕಿಟ್ಟಳು. “ಅವತ್ತ ನಾ ನಕ್ಕಿದ್ದಕ್ಕ ತಪ್ಪ ತಿಳ್ಕೊಂಡಿರಬೇಕ್ರಿ. ನಾ ಹೊಲಿಗಿಯವಳು, ನನ್ನ ಕಣ್ಣು ಅಲ್ಲೇ ಹೋಗತೈತಿ. ಕಿಸೇದ ಮ್ಯಾಲಿನ ಚೌಕಳಿ ಒಂದ ಗೆರಿ ಸೈತ ತಪ್ಪಿರಲಿಲ್ಲ. ಅಷ್ಟ ಗಾಢಾ ಬಣ್ಣಾ ಹಾಕ್ಕೊಂಡು ಅಷ್ಟ ನಾಚಿಕೊಂಡು ಕುಂತಾರಲ್ಲಾ ಅಂತ ನಗು ಬಂತು. ಚಂದ ಒಪ್ಪಿತ್ರಿ ಅವರಿಗೆ. ಒಳಗ ಹೋಗಿ ನಮ್ಮವ್ವಗ ಹೂಂ ಅಂದಿದ್ದೆ. ಅದಾದಮ್ಯಾಲೆ ಅತ್ತಿ ಚೀರಿದ್ದು.” ಹೊರಗೆ ಕೂಸು ಅತ್ತಿತು. ಆಕೆ ಸೆರಗು ಸರಿಮಾಡಿಕೊಂಡಳು. “ಇರಲಿ. ಆ ಗುಲಾಬಿದು ತೋರಸ್ರಿ.”

ಗೌರೀಶ ತೋರಿಸಿದ.

ಮರುದಿನ ಲಗ್ನಪತ್ರಿಕೆ ಹಿಡಿದು ಭೀಮಶಿಯ ಹೊಲಕ್ಕೆ ಹೋದ. ಭೀಮಶಿ ಟ್ರೇಲರಿಗೆ ಕಬ್ಬು ಹೇರಿಸುತ್ತಿದ್ದ. ಗೌರೀಶ ಮೂರು ಸಲ ಬಾಯಿ ತೆರೆದ. ಮಳೆ ಹೇಗಿದೆ ಎಂದ, ಟನ್ನಿಗೆ ಎಷ್ಟು ಎಂದ, ಅವ್ವ ಆರಾಮ ಏನು ಎಂದ. ಹೇಳಬೇಕಾದದ್ದು ಅವನ ದನಿಯಲ್ಲಿ ಬರಲೇ ಇಲ್ಲ. ಕೊನೆಗೆ ನೆಲ ನೋಡುತ್ತ ಎರಡು ಸಲ ಕೆಮ್ಮಿದ.

“ಹಾಂ... ಇಂಥಾ ಮಾಲು ಬರೂದ ಬಂದ್ ಆಗೇತಿ. ಹೊಲಿಸು ಅನ್ನು.”

ಭೀಮಶಿಯ ಕೈ ಕಬ್ಬಿನ ಸೂಡಿನ ಮೇಲೆ ನಿಂತಿತು. ಆಳುಗಳು ಹೇರುತ್ತಲೇ ಇದ್ದರು. ಭೀಮಶಿ ಸೂಡು ಕೆಳಗಿಟ್ಟು ಕೇಳಿದ:

“ಅಂದ್ರ ಸಾಹುಕಾರ್ರು?”

“ಅವತ್ತ ಅವರು ಧಾರವಾಡಕ್ಕ ಹೋಗಿದ್ರು.”

“ಎರಡ ವರ್ಷ ಆತಲೇ ನಾ ಆ ಹಿರೇಮನಷ್ಯಾಗ ನಮಸ್ಕಾರ ಮಾಡಿ,” ಎಂದ ಭೀಮಶಿ. ಪತ್ರಿಕೆ ಇಸಿದುಕೊಂಡು, ಮಣ್ಣಾಗದಂತೆ ಟ್ರ್ಯಾಕ್ಟರಿನ ಸೀಟಿನ ಕೆಳಗೆ ಇಟ್ಟ. “ಬರತೇನಿ.”

ಮಹಾನಂದಾ ಆಡಿದ ಮಾತನ್ನು ಗೌರೀಶ ಹೇಳಲಿಲ್ಲ. ಅದು ಯಾರ ದನಿಯಲ್ಲೂ ಬಾಯಿಗೆ ಬರಲಿಲ್ಲ.

ಮದುವೆಯ ದಿನ ಕಲ್ಯಾಣ ಮಂಟಪಕ್ಕೆ ಬಂದ ಭೀಮಶಿ ಮೊದಲು ಮಾಡಿದ್ದು ಸಾಹುಕಾರರ ಕಾಲಿಗೆ ಬಿದ್ದದ್ದು. ಅವರು ಗಾಬರಿಯಾಗಿ ಎರಡು ಸಲ ಕೆಮ್ಮಿ, “ಹಾಂ... ಏಳೋ ಮಾರಾಯಾ,” ಎಂದರು. ಅಕ್ಷತೆಯಾಗಿ ಆಯೇರಿ ಶುರುವಾದಾಗ ಅವನು ವೇದಿಕೆ ಹತ್ತಿದ. ಬಂದ ಆಯೇರಿಯನ್ನು ಅಲ್ಲೇ ತೊಡಿಸುವುದು ಪದ್ಧತಿ. ಟವೆಲ್ಲಾದರೆ ಹೆಗಲಿಗೆ, ಟೊಪ್ಪಿಗೆಯಾದರೆ ತಲೆಗೆ. ಭೀಮಶಿ ಡಬ್ಬಿ ಬಿಚ್ಚಿ, ಕಡಕ್ ಇಸ್ತ್ರಿಯ ಗಿಳಿಹಸಿರು ಅಂಗಿಯನ್ನು ಝಾಡಿಸಿ ಮೇಲೆತ್ತಿದ.

ಮಂಟಪದ ಜನ ಕತ್ತು ಎತ್ತಿ ನೋಡಿದರು. ಆಮೇಲೆ ಹಿಂದಿನ ಸಾಲಿನಿಂದ ಯಾರೋ “ಏ, ಆಯೇರಿ ಅಂಗಿ ಬಂತೋ!” ಎಂದು ಕೂಗಿದರು.

ಬಾಸಿಂಗ ಕಟ್ಟಿದ ಮದುಮಗ ಎರಡೂ ಕೈ ಚಾಚಿ ನಿಂತ. ಭೀಮಶಿ ಮದುವೆಯ ಶೇರವಾನಿಯ ಮೇಲೆಯೇ ಅಂಗಿ ತೊಡಿಸಿ, ಒಂದೊಂದೇ ಗುಂಡಿ ಹಾಕಿದ. ಚೌಕಳಿ ಎದೆಯ ಮೇಲೆ ಒಂದು ಗೆರೆಯೂ ತಪ್ಪದೆ ಕೂಡಿಕೊಂಡಿತು. ಕೊನೆಯ ಗುಂಡಿ ಹಾಕಿ, ಹಿಂದಿನ ತುದಿಯನ್ನು ಮುಂದಕ್ಕೆ ಎಳೆದು ಅವನ ಕಣ್ಣೆದುರು ಹಿಡಿದ. ಕಿತ್ತೂರು, ಸುರೇಬಾನ, ಸವದತ್ತಿ. ಕೆಳಗೆ ಹೊಸ ಶಾಯಿಯಲ್ಲಿ ನಾಲ್ಕನೆಯ ಸಾಲು: ‘ಬೈಲಹೊಂಗಲ, ಗೌರೀಶ’.

ಅಲ್ಲಿ ಬರೆಯುವುದು ಕೊಟ್ಟವರ ಹೆಸರು, ಭೀಮಶಿಗೆ ಆ ಅಂಗಿ ಕೊಟ್ಟಿದ್ದು ಪರದೆಯ ಹಿಂದಿನ ಕೆಮ್ಮು. ಆಯೇರಿ ಕೊಟ್ಟವನ ಹೊಸ್ತಿಲಿಗೇ ತಿರುಗಿ ಬಂದಿತ್ತು. ಸಂಬಂಧ ಬೇಡವೆಂಬ ಅದರ ಅರ್ಥ ಈ ಕಡೆಯ ಮಕ್ಕಳಿಗೂ ಗೊತ್ತು.

“ಭೀಮಶಿ,” ಎಂದ ಗೌರೀಶ. ಈ ಸಲ ಅವನದೇ ದನಿ, ಆದರೆ ತೀರ ಸಣ್ಣದು. “ಇದನ್ನ ತಗದುಬಿಡ್ಲೇನಲೇ?”

“ಏಳಬ್ಯಾಡ್ರಿ ತಮ್ಮಾ, ತಡೀರಿ,” ಎಂದ ಭೀಮಶಿ, ಥೇಟ್ ಕೆಂಚವ್ವನ ದನಿಯಲ್ಲಿ. ಅವನಿಗೂ ಮಿಮಿಕ್ರಿ ಬರುತ್ತದೆಂದು ಅಂದಿನವರೆಗೆ ಯಾರಿಗೂ ಗೊತ್ತಿರಲಿಲ್ಲ.

ಮಂಟಪವೆಲ್ಲ ನಕ್ಕಿತು. ವಾಲಗದವರು ಬಾರಿಸುವುದು ಬಿಟ್ಟು ನಕ್ಕರು, ಸಾಹುಕಾರರು ಕೆಮ್ಮುವುದು ಬಿಟ್ಟು ನಕ್ಕರು, ಏನೂ ತಿಳಿಯದ ಮದುಮಗಳು ರಾಜೇಶ್ವರಿಯೂ ನಕ್ಕಳು. ಗೌರೀಶ ಆ ಗದ್ದಲದಲ್ಲಿ ಒಂದೇ ನಗುವನ್ನು ಕಿವಿಗೊಟ್ಟು ಹುಡುಕಿದ, ಅದರಲ್ಲಿ ತನಗೆ ಕ್ಷಮೆಯಿದೆಯೋ ಇಲ್ಲವೋ ಎಂದು. ಹುಡುಕುವ ಕಷ್ಟವೇನೂ ಇರಲಿಲ್ಲ. ವೇದಿಕೆ ಇಳಿದು, ಊಟದ ಪಂಕ್ತಿ ದಾಟಿ, ಯಾರಿಗೂ ಹೇಳದೆ ಬಾಗಿಲ ಕಡೆ ನಡೆದಿದ್ದ ಭೀಮಶಿ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ.