ಮಡಚಿದ ಪತ್ರಿಕೆ

ಗೆದ್ದಲು ಹಿಡಿದ ಚೌಕಟ್ಟನ್ನು ಬೇನಜೀರ ಮೊಳೆಯಿಂದ ಇಳಿಸಿದಾಗ ಗೋಡೆಯ ಮೇಲೆ ಅದರಷ್ಟೇ ಅಗಲದ ಬಿಳಿ ಗುರುತು ಉಳಿಯಿತು. "ಹುಷಾರವ್ವಾ, ಒಳಗಿನ ಹಾಳಿ ಹರದೀತು," ಎಂದ ಕಾಸೀಮಸಾಬ, ಕ್ಲಾರಿಯೋನೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು.

ರಾಣೆಬೆನ್ನೂರಿನ ಸ್ಟೇಷನ್ ರಸ್ತೆಯ ಆ ಬ್ಯಾಂಡ್ ಅಂಗಡಿಯಲ್ಲಿ ಮೊಮ್ಮಗಳು ಒಂದು ವಾರದಿಂದ ಅಜ್ಜನ ಹಳೆಯ ಇಂಗ್ಲಿಷ್ ಸಂಗೀತ ಪತ್ರಿಕೆಗಳನ್ನು ಓದಿ ಹೇಳುತ್ತಿದ್ದಳು. ಸಾವಿರದ ಒಂಬೈನೂರ ಅರವತ್ತೊಂಬತ್ತು, ಎಪ್ಪತ್ತರಲ್ಲಿ ರದ್ದಿಯಂಗಡಿಯಿಂದ ತೂಕಕ್ಕೆ ತಂದವು. ಉದ್ದ ಕೂದಲಿನ ಹುಡುಗರು, ಕೆಸರಿನಲ್ಲಿ ಕೂತು ಹಾಡು ಕೇಳುವ ಸಾವಿರಾರು ಜನ, ಗಿಟಾರು ಹಿಡಿದು ಹಳ್ಳಿ ಹಾಡು ಹಾಡುವ ಬರಿಗಾಲಿನ ಹುಡುಗಿ. ಆ ಹಾಡುಗಳನ್ನು ಕಾಸೀಮಸಾಬ ರೇಡಿಯೋದಲ್ಲಿ ನಾಲ್ಕು ಸಲ ಕೇಳಿದ್ದ; ಉಳಿದದ್ದೆಲ್ಲ ಚಿತ್ರ ನೋಡಿ ತಿಳಿದದ್ದು.

ಚೌಕಟ್ಟಿನೊಳಗಿನ ಪತ್ರಿಕೆ ಮಾತ್ರ ಲಂಡನ್ನಿಂದ ಅಂಚೆಯಲ್ಲಿ ಬಂದದ್ದು. ನಿಮ್ಮ ಹಳ್ಳಿ ಹಾಡೂ ನಮ್ಮ ಲಾವಣಿಯೂ ಅಕ್ಕತಂಗಿಯರು, ನಿಮ್ಮವರ ಜೊತೆ ಒಮ್ಮೆ ಊದುವ ಆಸೆಯಿದೆ ಎಂದು ಕಾಸೀಮಸಾಬ ಹೇಳಿದ್ದನ್ನು ಮೆಟ್ರಿಕ್ ಪಾಸಾದ ಗೆಳೆಯ ಕೊಟ್ರಪ್ಪ ಇಂಗ್ಲಿಷಿನಲ್ಲಿ ಆ ಪತ್ರಿಕೆಗೆ ಬರೆದು ಕಳಿಸಿದ್ದ. ಅಚ್ಚಾಗಿ ಬಂದಾಗ, ನಿನ್ನನ್ನು ಹೊಗಳಿದ್ದಾರೆ ಎಂದು ಹೇಳಿ, ಹೆಸರೊಂದೇ ಕಾಣುವಂತೆ ಮಡಚಿ ಗಾಜು ಹಾಕಿಸಿದವನೂ ಅವನೇ. ಲಂಡನ್ನಿನವರು ಮೆಚ್ಚಿದ ಊದುಗಾರ ತಾನೆಂದು ನಂಬಿ ಕಾಸೀಮಸಾಬ ರೈಲ್ವೆ ನೌಕರಿ ಬಿಟ್ಟ. ಐವತ್ತೈದು ವರ್ಷ ಮದುವೆ ಮೆರವಣಿಗೆಯ ಮುಂದೆ ನಡೆದ. ಗಿರಾಕಿ ಬಂದರೆ ಕೊಟ್ರಪ್ಪ ಚಹಾದ ಬಸಿ ಕೆಳಗಿಟ್ಟು ಗೋಡೆಯತ್ತ ಬೆರಳು ತೋರಿಸುತ್ತಿದ್ದ.

ಇಂದೂ ಅವನು ಬೆಂಚಿನ ಮೇಲೆ ಕೂತಿದ್ದ. ಬೇನಜೀರ ಹಾಳೆ ಹೊರತೆಗೆದು ಮಡಿಕೆ ಬಿಚ್ಚಿದಳು, ಓದಿದಳು, ಮತ್ತೆ ಮಡಚಿದಳು.

"ಓದ."

"ಅಕ್ಷರ ಮಾಸ್ಯಾವ, ದಾದಾ."

"ನನ್ನ ಕಣ್ಣಿಗೇ ಕಾಣಾಕತ್ತಾವ. ಓದ."

ಅಜ್ಜನ ಹೆಸರಿನ ಪತ್ರವನ್ನು ಅವಳು ತಲೆ ಎತ್ತದೆ ಕನ್ನಡ ಮಾಡಿ ಹೇಳಿದಳು. ನಾನು ಊದಿದರೆ ಮದುಮಗ ಕಿವಿ ಮುಚ್ಚುತ್ತಾನೆ, ಅವನು ಕೂತ ಕುದುರೆ ಓಡಿಹೋಗುತ್ತದೆ. ನಿಮ್ಮಲ್ಲಿ ನನ್ನಂಥವನಿಗೆ ಕೆಲಸವಿದೆಯೇ? ಕೆಳಗೆ ಸಂಪಾದಕನ ಉತ್ತರ: ಈ ವಾರ ನಮ್ಮ ಕಚೇರಿಯನ್ನೆಲ್ಲ ನಗಿಸಿದ ಪತ್ರ. ಕುದುರೆಗೆ ಸಂಗೀತ ತಿಳಿಯುತ್ತದೆ, ಅದನ್ನು ಕಳಿಸಿ.

ಕೊಟ್ರಪ್ಪ ಹೊಟ್ಟೆ ಕುಲುಕಿಸುತ್ತ ಮೆಲ್ಲಗೆ ನಕ್ಕ. "ಚಾಷ್ಟಿ ಮಾಡಿದ್ನೋ ಕಾಸ್ಯಾ. ಅಚ್ಚ ಹಾಕ್ತಾರಂತ ನನಗೇನ ಗೊತ್ತು? ನೀ ಓಣಿ ತುಂಬ ಪೇಡೆ ಹಂಚಿದಿ."

"ನೌಕರಿ ಬಿಡೂ ಮುಂದರ ಹೇಳಬೇಕಿತ್ತು."

"ಹೇಳಿದ್ರ, ನಮ್ಮ ಮನಿ ಮದುವಿಗೆಲ್ಲಾ ಪುಕ್ಕಟ ಯಾರು ಊದ್ತಿದ್ರು?"

ಅಷ್ಟರಲ್ಲಿ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬ ಮೆಟ್ಟಿಲೇರಿದ. ಮಗಳ ಮದುವೆಗೆ ಹಾವೇರಿಯ ಬ್ಯಾಂಡಿನವರನ್ನೂ ಕೇಳಿ ಬಂದಿದ್ದನಂತೆ; ನಿಮ್ಮದು ಹೇಗೆ ಎಂದು ವಿಚಾರಿಸಿದ.

ಕೊಟ್ರಪ್ಪ ಬಸಿ ಕೆಳಗಿಟ್ಟ. ಎತ್ತಿದ ಬೆರಳು ಗೋಡೆಯ ಬಿಳಿ ಗುರುತಿನ ಮೇಲೆ ಒಂದು ಗಳಿಗೆ ನಿಂತು, ಬೇನಜೀರಳ ಕೈಯತ್ತ ಇಳಿಯಿತು. "ಇವರ ಹೆಸರು ಲಂಡನ್ ಪೇಪರಿನ್ಯಾಗ ಬಂದೈತ್ರಿ."

ವ್ಯಾಪಾರಿ ಕಾಸೀಮಸಾಬನ ಮುಖ ನೋಡಿದ. "ಖರೇನ್ರಿ?"

"ಖರೇರಿ," ಎಂದ ಕಾಸೀಮಸಾಬ. ಮೊಮ್ಮಗಳ ಕೈಯಿಂದ ಹಾಳೆ ಇಸಿದುಕೊಂಡು, ಹಳೆಯ ಗೆರೆಯ ಮೇಲೆಯೇ ಮಡಚಿ, ಹೆಬ್ಬೆರಳಿನ ಉಗುರಿನಿಂದ ಉದ್ದಕ್ಕೂ ಒತ್ತಿದ.